ನಗಾರಿ ನಿಂತ ಮೇಲೆ

ಮಕ್ಕಳ ವಿಡಿಯೋ ಗೇಮಿನ ಸದ್ದನ್ನು ನಾವು ಬರೀ ಗಲಾಟೆ ಎಂದುಕೊಳ್ಳುತ್ತೇವೆ. ಆದರೆ ಆ ಸದ್ದಿಗೂ ಒಂದು ಕೆಲಸವಿದೆ. 1987ರಲ್ಲಿ ಜಪಾನಿನಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ಯನ್ನೇ ನೋಡಿ. ಆಟಗಾರ ಕಥೆಯೊಳಗಿನ ಪಾತ್ರವಾಗಿ ಊರು, ಕಾಡು ಸುತ್ತುತ್ತಾನೆ. ಥಟ್ಟನೆ ದಾರಿಯ ರಾಗ ಕಡಿದು, ನೊಬುವೊ ಉಯೆಮಾತ್ಸು ಸಂಯೋಜಿಸಿದ ಕಾಳಗದ ಸಂಗೀತ ಮೊಳಗುತ್ತದೆ. ಎದುರಿಗಿರುವುದು ಯಾರು, ಮಾಡಿದ ತಪ್ಪೇನು ಎಂದು ಕೇಳುವ ಮೊದಲೇ ಕಿವಿ ತೀರ್ಪು ಕೊಟ್ಟುಬಿಡುತ್ತದೆ: ಹೊಡೆ! ಗೆದ್ದರೆ ವಿಜಯದ ತುತ್ತೂರಿ. ಸತ್ತವರಿಗಾಗಿ ಒಂದು ಗಳಿಗೆಯ ಮೌನವೂ ಇಲ್ಲ.

ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ ಈ ರೂಢಿಯನ್ನೇ ಪ್ರಶ್ನಿಸಿತು. ಅದರ ಸಂಗೀತವೂ ಅವರದೇ. ಅಲ್ಲೂ ಕಾಳಗದ ಸಂಗೀತ ಹುರಿದುಂಬಿಸುತ್ತದೆ. ಆದರೆ ಎದುರಾಳಿಯನ್ನು ಮಾತಾಡಿಸಬಹುದು, ಬಿಟ್ಟುಬಿಡಬಹುದು. ಒಬ್ಬರನ್ನೂ ಕೊಲ್ಲದೆ ಆಟ ಮುಗಿಸಬಹುದು. ಹಾಗಲ್ಲದೆ ಒಂದು ಪ್ರದೇಶದಲ್ಲಿ ಹುಡುಕಿ ಹುಡುಕಿ ಎಲ್ಲರನ್ನೂ ಕೊಂದರೆ, ಲವಲವಿಕೆಯ ರಾಗ ನಿಧಾನವಾಗಿ, ಭಾರವಾಗಿ ನರಳತೊಡಗುತ್ತದೆ. ಕಾದಾಡಲು ಯಾರೂ ಬರುವುದಿಲ್ಲ. ಆಟಗಾರನಿಗೆ ಆಗ ತನ್ನ ಕೈಯೇ ಕಾಣತೊಡಗುತ್ತದೆ.

ಸಂಗೀತವನ್ನು ತಪ್ಪಿತಸ್ಥನನ್ನಾಗಿಸಲು ನಮಗೆ ಮನಸ್ಸಿಲ್ಲ. ಅದು ಸೋತವನನ್ನು ಮತ್ತೆ ಎಬ್ಬಿಸಿ ಧೈರ್ಯ ತುಂಬುತ್ತದೆ. ಆದರೆ ಧೈರ್ಯ ಬೇರೆ, ವಿವೇಕ ಬೇರೆ. ಪರದೆಯ ಮೇಲೆ ಸತ್ತವು ಬರಿಯ ಚಿತ್ರಗಳು, ನಿಜ. ಲಯ ಕಿವಿಗೆ ಬಿದ್ದೊಡನೆ ಯೋಚಿಸದೆ ಕೈ ಎತ್ತುವ ಅಭ್ಯಾಸ ಮಾತ್ರ ನಮ್ಮದೇ. ಬೀದಿಯ ಮೆರವಣಿಗೆಯಲ್ಲಿ ನಗಾರಿ ಬಡಿದಾಗ, ಎಲ್ಲಿಗೆ ಎಂದು ಕೇಳದೆ ನಾವೂ ಹೆಜ್ಜೆ ಹಾಕಿದವರಲ್ಲವೇ? ನಗಾರಿ ನಿಂತ ಮೇಲೂ ಮಾಡಿದ್ದು ಸರಿ ಎನ್ನಬಲ್ಲೆವೇ? ಕೈ ಎತ್ತುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.