ಊರು ಕಟ್ಟೋಣವೋ, ಸಂಘ ಕಟ್ಟೋಣವೋ?



ಮಾಸ್ಟೊಡಾನ್‌ನಲ್ಲಿ ನಮ್ಮ ಭಾಗದವರದೇ ಒಂದು ಸಮುದಾಯ ಸೇರೋಣವೇ ಎಂದು ನಮ್ಮ ಬಳಗದ ಹುಡುಗರು ಕೇಳುತ್ತಿದ್ದಾರೆ. ಕುರಕುಂಟಾ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಯವರು ಒಂದೇ ಕಡೆ ಕೂಡಿ ಮಾತಾಡಬಹುದಲ್ಲ ಎಂಬುದು ಅವರ ಆಸೆ.

ಮಾಸ್ಟೊಡಾನ್ 2016ರಲ್ಲಿ ಶುರುವಾಯಿತು. ಈ ಜಾಲಕ್ಕೆ ಒಬ್ಬನೇ ಮಾಲೀಕ ಇಲ್ಲ. ಊರೂರಿನ ಅಂಚೆ ಕಚೇರಿಗಳ ಹಾಗೆ ಸಾವಿರಾರು ಸರ್ವರ್‌ಗಳಿವೆ. ಪ್ರತಿಯೊಂದಕ್ಕೂ ಅದರದೇ ನಿಯಮ, ಅದರದೇ ನಿರ್ವಾಹಕ. ಒಂದರಲ್ಲಿ ಖಾತೆ ಇದ್ದರೆ ಬೇರೆ ಸರ್ವರ್‌ನವರ ಜೊತೆಗೂ ಮಾತಾಡಬಹುದು. 2019ರ ನವೆಂಬರ್‌ನಲ್ಲಿ ಟ್ವಿಟರ್ ಜಾತಿ ತಾರತಮ್ಯ ಮಾಡುತ್ತಿದೆ ಎಂದು ದಲಿತ–ಬಹುಜನರು ಪ್ರತಿಭಟಿಸಿದರು. ಆ ದಿನಗಳಲ್ಲಿ ನಮ್ಮ ದೇಶದ ಅನೇಕರು ಟ್ವಿಟರ್ ಬಿಟ್ಟು ಇಲ್ಲಿಗೆ ಬಂದರು. ನಮ್ಮ ಮಾತಿಗೆ ನಮ್ಮದೇ ಜಾಗ ಬೇಕೆಂಬ ಹಂಬಲ ಹೊಸದಲ್ಲ. ಬಾಬಾಸಾಹೇಬರು 1920ರಲ್ಲೇ 'ಮೂಕನಾಯಕ' ಹೊರಡಿಸಿದ್ದರು.

ಆದರೆ ಅದೇ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತ, ಹಳ್ಳಿಯನ್ನು ಹೊಗಳುವವರನ್ನು ಖಂಡಿಸಿದರು. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ಸರಿ ಎಂದರು. ಯಾಕೆ? ಅಧಿಕಾರ ದೂರದ ದಿಲ್ಲಿಯಿಂದ ಊರಿಗೆ ಬಂದರೆ ಅದು ಕೇರಿಗೂ ಬಂತು ಎಂದೇನಿಲ್ಲ. 'ನಮ್ಮ ಊರು' ಎನ್ನುವಾಗ ಆ 'ನಮ್ಮ'ದೊಳಗೆ ಕೇರಿ ಇರಲಿಲ್ಲ. ಸಣ್ಣ ಸರ್ವರೂ ಒಂದು ಊರೇ. ಅದರ ನಿರ್ವಾಹಕ ನನ್ನ ಖಾತೆ ತೆಗೆಯಬಹುದು, ಇನ್ನೊಂದು ಸರ್ವರ್‌ನ ಸಂಬಂಧವನ್ನೇ ಕಡಿಯಬಹುದು. ಅವನು ಗೌಡನಾಗಲು ಎಷ್ಟು ಹೊತ್ತು?

ತಥಾಗತರ ಸಂಘವನ್ನು ನೋಡಿ. ಅವರು ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ, ಧಮ್ಮವೇ ನಿಮ್ಮ ಗುರು ಎಂದರು. ಒಂದೊಂದು ವಿಹಾರಕ್ಕೂ ಅದರ ಸೀಮೆ. ಸೀಮೆಯೊಳಗಿನ ಭಿಕ್ಖುಗಳೆಲ್ಲ ಕೂಡಿಯೇ ನಿರ್ಣಯ ಮಾಡಬೇಕು. ಆದರೂ ದೂರದಿಂದ ಬಂದ ಭಿಕ್ಖು ಪರಕೀಯನಲ್ಲ, ಅವನು ನಾಲ್ಕು ದಿಕ್ಕಿನ ಸಂಘದವನು. ನಿರ್ಣಯ ಮಂಡನೆ, ಕೋರಂ, ಗುಪ್ತ ಮತದಾನ ಎಲ್ಲ ಸಂಘಕ್ಕೆ ಗೊತ್ತಿದ್ದವು ಎಂದು ಬಾಬಾಸಾಹೇಬರು 1949ರ ನವೆಂಬರ್ 25ರ ಭಾಷಣದಲ್ಲಿ ನೆನಪಿಸಿದರು. ಸಂಘದಲ್ಲೂ ಶಿಕ್ಷೆ ಇತ್ತು. ಆದರೆ ಆರೋಪವನ್ನು ಎದುರಿಗೇ ಹೇಳಿ, ಅವನ ಮಾತು ಕೇಳಿ, ತಿದ್ದಿಕೊಂಡರೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಜಾತಿಯ ಬಹಿಷ್ಕಾರದಲ್ಲಿ ಹುಟ್ಟೇ ತಪ್ಪು. ತಿದ್ದಿಕೊಳ್ಳುವುದಾದರೂ ಏನನ್ನು?

ಆದ್ದರಿಂದ ಯಾವುದೇ ಸಮುದಾಯ ಸೇರುವ ಮೊದಲು ಮೂರು ಪ್ರಶ್ನೆ ಕೇಳೋಣ. ನಿಯಮ ಬದಲಿಸಲು ನನಗೂ ಮತವಿದೆಯೇ? ಹೊರಗೆ ಹಾಕುವ ಮೊದಲು ನನ್ನ ಮಾತು ಕೇಳುತ್ತಾರೆಯೇ? ಬೇಡವೆನಿಸಿದರೆ ಬಿಟ್ಟು ಹೋಗಬಹುದೇ?

ಮೂರನೆಯದಕ್ಕೆ ಮಾಸ್ಟೊಡಾನ್‌ನಲ್ಲಿ ಉತ್ತರವಿದೆ. ಹಳೆಯ ಬರಹ ಅಲ್ಲೇ ಉಳಿದರೂ, ಅನುಯಾಯಿಗಳ ಸಮೇತ ಇನ್ನೊಂದು ಸರ್ವರ್‌ಗೆ ಹೋಗಬಹುದು. ಬಿಟ್ಟು ಹೋಗುವ ಹಕ್ಕಿನ ಬೆಲೆ ನಮಗಿಂತ ಯಾರಿಗೆ ಗೊತ್ತು? 1935ರಲ್ಲಿ ಯೇವಲಾದಲ್ಲಿ ಘೋಷಿಸಿ, 1956ರಲ್ಲಿ ನಾಗಪುರದಲ್ಲಿ ಹೊರಬಂದವರ ಮಕ್ಕಳು ನಾವು. ಮೊದಲಿನ ಎರಡಕ್ಕೆ ಯಂತ್ರ ಉತ್ತರ ಕೊಡದು. ನಾವೇ ಕೊಡಬೇಕು.

ಸೇರೋಣ ಎಂಬುದೇ ನನ್ನ ಅಭಿಪ್ರಾಯ. ಆದರೆ ಬರುವ ಹುಣ್ಣಿಮೆಯ ಸಭೆಯಲ್ಲಿ ಅದರ ನಿಯಮಗಳನ್ನು ಎಲ್ಲರೆದುರು ಓದಿ, ಮತಕ್ಕೆ ಹಾಕಿ ಸೇರೋಣ. ನಮ್ಮದೇ ಸರ್ವರ್ ಕಟ್ಟಿದರೆ ಅದರ ಕೀಲಿ ಒಬ್ಬರ ಕೈಯಲ್ಲಿ ಇರದಿರಲಿ. ಕನಿಷ್ಠ ಮೂವರ ಕೈಯಲ್ಲಿರಲಿ, ಅವರಲ್ಲಿ ಉಪಾಸಿಕೆಯರೂ ಇರಲಿ.

ಎಲ್ಲರಿಗೂ ಮಂಗಲವಾಗಲಿ. ಜೈಭೀಮ್.