ಮಾನ ಯಾರದು, ಹೊರೆ ಯಾರಿಗೆ?

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಗುಡಿಯ ಜಾತ್ರೆ ನೆರೆದಾಗ ಸುತ್ತಲಿನ ಹಳ್ಳಿಗಳ ಜನ ನಗರಕ್ಕೆ ಬರುತ್ತಾರೆ. ಹೊರಡುವ ಮಗಳಿಗೆ ನಾವು ಹತ್ತು ಎಚ್ಚರಿಕೆ ಹೇಳುತ್ತೇವೆ. ಅದೇ ಜಾತ್ರೆಗೆ ಹೊರಟ ಮಗನಿಗೆ? ಹೆಚ್ಚಿನ ಮನೆಗಳಲ್ಲಿ ಏನೂ ಇಲ್ಲ.

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ನಡೆಯುವ ಶಿಬಿರಗಳಲ್ಲೂ ಬಹುಮಟ್ಟಿಗೆ ಇದೇ ಕಥೆ. ಬಾಲಕಿಯರಿಗೆ ಕರಾಟೆ, 1098 ಸಹಾಯವಾಣಿಯ ಪರಿಚಯ, 2012ರ ಪೋಕ್ಸೊ ಕಾಯ್ದೆಯ ಮಾಹಿತಿ. ಇವೆಲ್ಲ ಬೇಕು. ಆದರೆ ಬೀದಿಯ ಅಪರಿಚಿತನನ್ನು ಎದುರಿಸಲು ಕಲಿತ ಹುಡುಗಿಗೆ ಸ್ವಂತ ಅಣ್ಣನೇ ಅಡ್ಡ ನಿಂತರೆ?

ಇದು ಊಹೆಯ ಪ್ರಶ್ನೆಯಲ್ಲ. 2017ರ ಜೂನ್‌ನಲ್ಲಿ ಇದೇ ಜಿಲ್ಲೆಯ ಹಳ್ಳಿಯೊಂದರಲ್ಲಿ ದಲಿತ ಯುವಕನನ್ನು ಮದುವೆಯಾಗಿದ್ದ ಗರ್ಭಿಣಿ ಮುಸ್ಲಿಮ್ ಯುವತಿಯನ್ನು ಸುಟ್ಟು ಕೊಲ್ಲಲಾಯಿತು. 2021ರ ಜೂನ್‌ನಲ್ಲಿ ದೇವರ ಹಿಪ್ಪರಗಿ ತಾಲೂಕಿನಲ್ಲಿ ಪ್ರೀತಿಸಿದ ದಲಿತ ಯುವಕ, ಮುಸ್ಲಿಮ್ ಹುಡುಗಿ ಇಬ್ಬರೂ ಕೊಲೆಯಾದರು. ಎರಡರಲ್ಲೂ ಆರೋಪ ಬಂದದ್ದು ಹೆಣ್ಣಿನ ಮನೆಯವರ ಮೇಲೆ. ಮರ್ಯಾದೆಯ ಹೆಸರಿನ ಹತ್ಯೆ ಯಾವ ಒಂದು ಸಮುದಾಯದ ಸೊತ್ತೂ ಅಲ್ಲ. ಆದರೆ ಆ ಮಾತು ನಮ್ಮ ಮೌನಕ್ಕೆ ನೆಪವಾಗಬಾರದು.

ಮದುವೆಗೆ ಧರ್ಮದ ನಿಯಮಗಳಿವೆ, ಹೆತ್ತವರಿಗೆ ನೋವಾಗುವುದು ಸಹಜ ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ನೋವು ಬೇರೆ, ಕೊಲ್ಲುವ ಅಧಿಕಾರ ಬೇರೆ. ಬುದ್ಧಿ ಹೇಳುವ ಹಕ್ಕು ಹೆತ್ತವರಿಗಿದೆ, ಒಪ್ಪದಿರುವ ಹಕ್ಕೂ ಇದೆ; ಮಗಳ ಜೀವದ ಮೇಲೆ ಹಕ್ಕಿಲ್ಲ. ಜೀವಂತ ಹೂಳಲ್ಪಟ್ಟ ಹೆಣ್ಣುಕೂಸು ಯಾವ ಅಪರಾಧಕ್ಕೆ ಬಲಿಯಾಯಿತೆಂಬ ಪ್ರಶ್ನೆ ಅಂತಿಮ ದಿನ ಏಳುವುದೆಂದು ಕುರ್‌ಆನ್ ಎಚ್ಚರಿಸುತ್ತದೆ. ತಂದೆ ಒಪ್ಪಿಗೆಯಿಲ್ಲದೆ ಮಾಡಿಸಿದ ಮದುವೆಯ ಬಗ್ಗೆ ಮಹಿಳೆಯೊಬ್ಬಳು ದೂರಿದಾಗ ಪ್ರವಾದಿಯವರು ಅದನ್ನು ಅಸಿಂಧುಗೊಳಿಸಿದರು. ಹೆಣ್ಣಿನ ಒಪ್ಪಿಗೆಗೆ ಇಷ್ಟು ಬೆಲೆ ಕೊಟ್ಟ ಪರಂಪರೆಯವರು ನಾವು. ಅದೇ ಪರಂಪರೆಯಲ್ಲಿ ದೃಷ್ಟಿ ತಗ್ಗಿಸುವ ಆದೇಶವೂ ಮೊದಲು ಗಂಡಿಗೇ ಬಂದಿದೆ.

2003ರಲ್ಲಿ ಸ್ಥಾಪನೆಯಾಗಿ, ಇಂದು ಅಕ್ಕಮಹಾದೇವಿಯ ಹೆಸರು ಹೊತ್ತಿರುವ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯ ವಿಜಯಪುರದಲ್ಲೇ ಇದೆ. ಟಿಕೋಟಾ, ಬಬಲೇಶ್ವರದ ಹುಡುಗಿ ಅಲ್ಲಿ ಪದವಿ ಪಡೆಯಬಹುದು. ಆದರೆ ಅವಳು ಮರಳುವ ಮನೆ ಬದಲಾಗದಿದ್ದರೆ ಆ ಪದವಿ ಅವಳನ್ನು ಎಷ್ಟು ಕಾಪಾಡೀತು?

ಆದ್ದರಿಂದ ಯುವ ಸಬಲೀಕರಣದ ಶಿಬಿರಗಳು ಹುಡುಗರನ್ನು ಮೊದಲ ಸಾಲಿನಲ್ಲಿ ಕೂರಿಸಲಿ. ತಂಗಿಯ ಬದುಕು ತನ್ನ ಮಾನದ ಅಡವಲ್ಲ ಎಂಬುದು ಅವರ ಮೊದಲ ಪಾಠವಾಗಲಿ. ಶುಕ್ರವಾರದ ಪ್ರವಚನದಲ್ಲಿ, ಗುಡಿಯ ಅಂಗಳದಲ್ಲಿ, ತರಗತಿಯಲ್ಲಿ ಹಿರಿಯರು ಇದನ್ನು ಬಾಯಿಬಿಟ್ಟು ಹೇಳಲಿ. ಕೊಂದವನು ಊರಿನ ಮೆಚ್ಚುಗೆಯನ್ನು ನಿರೀಕ್ಷಿಸಿಯೇ ಕೊಲ್ಲುತ್ತಾನೆ. ಆ ಮೆಚ್ಚುಗೆಯನ್ನು ನಿರಾಕರಿಸುವುದು ನಮ್ಮೆಲ್ಲರ ಕೈಯಲ್ಲಿದೆ.