ಶುಶ್ರೂಷೆಯ ಕಾಯಕವೂ ಅದರ ಕೂಲಿಯೂ

ಕಾಯಕವೆಂಬ ಮಾತನ್ನು ನಾವು ಈಗ ಬಹು ಸುಲಭವಾಗಿ ಆಡುತ್ತೇವೆ. ಸಭೆಗಳಲ್ಲಿ ಆಡುತ್ತೇವೆ, ಕಟ್ಟಡಗಳ ಹಣೆಯ ಮೇಲೆ ಬರೆಯಿಸುತ್ತೇವೆ. ಹನ್ನೆರಡನೆಯ ಶತಮಾನದ ಶರಣರು ಈ ಮಾತನ್ನು ಆಡಿದಾಗ ಅದರ ಹಿಂದೆ ಕಟ್ಟುನಿಟ್ಟಾದ ಒಂದು ಲೆಕ್ಕವಿತ್ತು. ದುಡಿದವರು ಯಾರು, ಅವರಿಗೆ ಸಲ್ಲತಕ್ಕದ್ದು ಎಷ್ಟು, ಅದರಲ್ಲಿ ಅವರು ಉಂಡುದೆಷ್ಟು, ನೀಡಿದುದೆಷ್ಟು ಎಂಬ ಲೆಕ್ಕ ಅದು. ಈ ಲೆಕ್ಕವನ್ನು ಕೈಬಿಟ್ಟು ಮಾತನ್ನು ಮಾತ್ರ ಉಳಿಸಿಕೊಂಡರೆ ಅದು ದುಡಿಯುವವರ ಬಾಯಿ ಮುಚ್ಚಿಸುವ ಮಂತ್ರವಾದೀತು. ಈ ಅಪಾಯವು ಬೇರೆ ಉದ್ಯೋಗಗಳಿಗಿಂತ ಆಸ್ಪತ್ರೆಯ ನರ್ಸುಗಳ ಉದ್ಯೋಗದಲ್ಲಿ ಹೆಚ್ಚಾಗಿ ಕಾಣುವುದರಿಂದ, ಅದನ್ನೇ ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇವೆ: ಸೇವೆಯೆಂದು ಹೆಸರು ಪಡೆದ ಕೆಲಸವನ್ನು ಮಾಡುವವರು ತಕ್ಕ ವೇತನವನ್ನೂ ವಿಶ್ರಾಂತಿಯನ್ನೂ ಕೇಳಿದರೆ ಅದು ಸೇವಾಧರ್ಮಕ್ಕೆ ಕುಂದೇ?

ಮೊದಲು ಆ ಕೆಲಸವೇನೆಂಬುದನ್ನು ತಿಳಿಯಬೇಕು. ವೈದ್ಯನು ದಿನಕ್ಕೆ ಒಂದೆರಡು ಬಾರಿ ಮಂಚದ ಬಳಿಗೆ ಬಂದು ಹೋಗುತ್ತಾನೆ. ಉಳಿದ ಹೊತ್ತೆಲ್ಲ ರೋಗಿಯ ಪ್ರಾಣವು ನರ್ಸಿನ ಕಣ್ಣಿನ ಕಾವಲಿನಲ್ಲಿರುತ್ತದೆ. ಗ್ಲುಕೋಸಿನ ಹನಿ ಎಷ್ಟು ವೇಗದಲ್ಲಿ ಇಳಿಯಬೇಕೆಂಬುದನ್ನು ನೋಡುವವಳು ಅವಳು. ರಕ್ತದೊತ್ತಡ, ನಾಡಿ, ಉಸಿರು, ಜ್ವರಗಳನ್ನು ಹೊತ್ತುಹೊತ್ತಿಗೆ ಬರೆದಿಡುವವಳು ಅವಳು. ಏಳಲಾರದ ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣು ಬೀಳುತ್ತದೆ. ಆ ಭಾರವನ್ನು ಎತ್ತುವ ಸೊಂಟವೂ ಅವಳದೇ. ಮಲಮೂತ್ರಗಳನ್ನು ತೆಗೆಯುವುದು, ಗಾಯ ಕಟ್ಟುವುದು, ಪಾಳಿ ಬದಲಾಗುವಾಗ ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನು ಮುಂದಿನವಳಿಗೆ ಒಪ್ಪಿಸುವುದು, ಇವುಗಳ ನಡುವೆ ರೋಗಿಯ ಬಂಧುಗಳ ಕೋಪಕ್ಕೆ ಉತ್ತರ ಕೊಡುವುದು ಎಲ್ಲವೂ ಸೇರಿ ಒಂದು ಪಾಳಿಯ ಕೆಲಸ. ರಾತ್ರಿ ಮೂರು ಗಂಟೆಯಲ್ಲಿ ಒಬ್ಬ ರೋಗಿಯ ಮುಖದ ಬಣ್ಣ ಸ್ವಲ್ಪ ಬದಲಾಯಿತೆಂದು ಕಂಡು, ವೈದ್ಯನನ್ನು ಎಬ್ಬಿಸಬೇಕೋ ಬೇಡವೋ ಎಂದು ನಿರ್ಣಯಿಸುವುದೂ ಅದರಲ್ಲಿ ಸೇರಿದೆ. ಇದು ಕೇವಲ ಮೃದು ಹೃದಯದಿಂದ ಆಗತಕ್ಕ ಕೆಲಸವಲ್ಲ.

ನಮ್ಮ ಪ್ರಾಚೀನರು ಇದನ್ನು ಅರಿತಿದ್ದರು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಬೇಕಾದ ಗುಣಗಳೂ ನಾಲ್ಕು. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ತಿಳಿವಳಿಕೆ ಮತ್ತು ದಕ್ಷತೆಗಳು ಮೊದಲು ಬಂದು ಅನುರಾಗವು ಆ ಬಳಿಕ ಬಂದಿರುವುದನ್ನು ವಾಚಕರು ಗಮನಿಸಬೇಕು. ನಾವಾದರೋ ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ನರ್ಸೆಂದರೆ ನಗುಮುಖ, ತಾಳ್ಮೆ, ತಾಯಿಯ ಕರುಳು ಎನ್ನುತ್ತೇವೆ. ಓದಿ ಪರೀಕ್ಷೆ ಕೊಟ್ಟು ನೋಂದಣಿ ಪಡೆದ ವಿದ್ಯಾವಂತೆ ಎಂಬುದನ್ನು ಮರೆಯುತ್ತೇವೆ. ಮನೆಯಲ್ಲಿ ಮುದುಕರನ್ನೂ ಮಕ್ಕಳನ್ನೂ ಬಾಣಂತಿಯರನ್ನೂ ನೋಡಿಕೊಳ್ಳುವ ಹೆಂಗಸಿಗೆ ನಾವು ಎಂದೂ ಕೂಲಿ ಕೊಟ್ಟವರಲ್ಲವಷ್ಟೆ. ಅದೇ ಕೆಲಸ ಆಸ್ಪತ್ರೆಗೆ ಬಂದಾಗ ಅದಕ್ಕೇಕೆ ಅಷ್ಟು ಸಂಬಳ ಎಂಬ ಭಾವನೆ ಮನಸ್ಸಿನ ಮೂಲೆಯಲ್ಲಿ ಕುಳಿತೇ ಇರುತ್ತದೆ. ಈಗ ಪುರುಷರೂ ಈ ಉದ್ಯೋಗಕ್ಕೆ ಬಂದಿದ್ದಾರೆ. ಆದರೂ ಆ ಭಾವನೆ ಹೋಗಿಲ್ಲ.

ಫ್ಲಾರೆನ್ಸ್ ನೈಟಿಂಗೇಲಳ ಗತಿಯೂ ಹೀಗೆಯೇ ಆಯಿತು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ಸ್ಕುಟಾರಿಗೆ ಹೋದ ಆಕೆಯ ಕೈಯ ದೀಪವನ್ನು ಜಗತ್ತೆಲ್ಲ ನೆನೆಯುತ್ತದೆ. ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ಎಷ್ಟು ಮಂದಿ ಗಾಯದಿಂದ ಸತ್ತರು, ಎಷ್ಟು ಮಂದಿ ಕೊಳಕಿನಿಂದ ಹರಡಿದ ರೋಗದಿಂದ ಸತ್ತರು ಎಂಬುದನ್ನು ಅಂಕಿಗಳಲ್ಲಿಯೂ ಚಿತ್ರಗಳಲ್ಲಿಯೂ ತೋರಿಸಿ ಅಧಿಕಾರಿಗಳನ್ನು ನಾಚಿಸಿದವಳು ಆಕೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಿಕ್ಷಣಶಾಲೆಯನ್ನು ತೆರೆಯಿಸಿ, ಶುಶ್ರೂಷೆಯು ಕಲಿತು ಮಾಡಬೇಕಾದ ವೃತ್ತಿಯೆಂದು ಸ್ಥಾಪಿಸಿದಳು. ದೀಪವನ್ನು ಉಳಿಸಿಕೊಂಡು ಲೆಕ್ಕವನ್ನು ಮರೆತವರು ನಾವು.

ಈಗ ಮುಖ್ಯವಾದ ಆಕ್ಷೇಪಕ್ಕೆ ಬರೋಣ. ರೋಗಿಯೊಬ್ಬನು ಗುಣಹೊಂದಿ ಮನೆಗೆ ನಡೆದುಹೋಗುವಾಗ ನರ್ಸಿಗೆ ಆಗುವ ತೃಪ್ತಿ ಹಣದಿಂದ ಬರತಕ್ಕದ್ದಲ್ಲ, ಆದುದರಿಂದ ಹಣದ ಮಾತು ಅಲ್ಲಿ ಅಸಮಂಜಸ ಎಂದು ಪ್ರಾಜ್ಞರೇ ಹೇಳುವುದುಂಟು. ಈ ವಾದದ ಮೊದಲನೆಯ ಅರ್ಧ ನಿಜ. ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಎಂಬಾತನು 1959ರಲ್ಲಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ ಬರೆದ ಗ್ರಂಥದಲ್ಲಿ ಒಂದು ವಿವೇಕದ ಮಾತಿದೆ. ಉದ್ಯೋಗದ ತೃಪ್ತಿಯೂ ಅತೃಪ್ತಿಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ ಎಂಬುದು ಅವನ ಅಭಿಪ್ರಾಯ. ತೃಪ್ತಿಯು ಕೆಲಸದ ಒಳಗಿನಿಂದ, ಸಾಧನೆಯಿಂದ, ಮನ್ನಣೆಯಿಂದ ಬರುತ್ತದೆ. ಅತೃಪ್ತಿಯು ಸಂಬಳ, ಮೇಲ್ವಿಚಾರಣೆ, ಕೆಲಸದ ಸ್ಥಳದ ಸ್ಥಿತಿಗತಿ ಇವುಗಳ ಕೊರತೆಯಿಂದ ಬರುತ್ತದೆ. ಒಂದು ಹೆಚ್ಚಿದರೆ ಇನ್ನೊಂದು ತಾನಾಗಿ ಅಳಿಯುವುದಿಲ್ಲ. ಅವನ ಸಿದ್ಧಾಂತವನ್ನು ಆಮೇಲೆ ಹಲವರು ಪ್ರಶ್ನಿಸಿದ್ದಾರೆ. ಆದರೆ ನರ್ಸುಗಳ ವಿಷಯದಲ್ಲಿ ಅದು ಕಣ್ಣಿಗೆ ಕಾಣುವ ಸತ್ಯ. ತನ್ನ ಕೆಲಸವನ್ನು ಪ್ರೀತಿಸುತ್ತಲೇ ತನ್ನ ಉದ್ಯೋಗದಿಂದ ನೊಂದವಳು ಪ್ರತಿ ವಾರ್ಡಿನಲ್ಲಿಯೂ ಸಿಕ್ಕುತ್ತಾಳೆ. ಆಕೆಯ ಪ್ರೀತಿಯನ್ನು ತೋರಿಸಿ ಆಕೆಯ ನೋವನ್ನು ಇಲ್ಲವೆನ್ನುವುದು ನ್ಯಾಯವಲ್ಲ.

ಶರಣಧರ್ಮದ ಹೆಸರಿನಲ್ಲಿಯೂ ಒಂದು ಆಕ್ಷೇಪ ಬರುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಲಿಲ್ಲವೇ? ಆಸೆಯನ್ನು ಗೆದ್ದ ಅಂಥ ಶರಣೆಯ ನಾಡಿನಲ್ಲಿ ವೇತನಕ್ಕಾಗಿ ಹೋರಾಟವೇ? ಎಂದು ಕೇಳುತ್ತಾರೆ. ಕಥೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. ಲಕ್ಕಮ್ಮನು ಹಿಂದಿರುಗಿಸಿದ್ದು ಮಿಗಿಲಾದುದನ್ನು; ಆ ದಿನದ ಅಗತ್ಯದ ಅಕ್ಕಿಯನ್ನಲ್ಲ. ಹಾಗೆ ಹೇಳಿದವಳು ದುಡಿಯುವ ಮನೆಯ ಹೆಂಗಸೇ ಹೊರತು ಅಕ್ಕಿ ಚೆಲ್ಲಿದ ಮಹಾಮನೆಯ ಒಡೆಯನಲ್ಲ. ಬಸವಣ್ಣನವರು ಮಾರಯ್ಯನ ಚೀಲವನ್ನು ತಡೆದು ನಿನಗಿಷ್ಟು ಸಾಕೆಂದು ಹೇಳಿದ ಕಥೆ ಎಲ್ಲಿಯೂ ಇಲ್ಲ. ನುಲಿಯ ಚಂದಯ್ಯನ ಪ್ರಸಂಗವೂ ಇಂಥದೇ. ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚಿನ ಹೊನ್ನು ಬಂದಾಗ ಅವನು ಒಲ್ಲೆನೆಂದನು. ಕೆಲಸಕ್ಕೆ ಸಲ್ಲುವ ಬೆಲೆಯೊಂದು ಇದೆಯೆಂಬುದನ್ನು ಆ ನಿರಾಕರಣೆಯೇ ಒಪ್ಪಿಕೊಂಡಿದೆ. ಸಲ್ಲುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಕಾಯಕಕ್ಕೆ ದೋಷವಾದರೆ, ಸಲ್ಲುವುದಕ್ಕಿಂತ ಕಡಿಮೆ ಕೊಡುವುದು ಯಾರಿಗೆ ದೋಷ?

ತ್ಯಾಗವನ್ನು ಮಾಡುವವನು ಮಾಡಬಹುದು, ಮಾಡಿಸಿಕೊಳ್ಳುವವನು ವಿಧಿಸಲಾಗದು. ದಾಸೋಹದ ತತ್ತ್ವವು ಈ ಭೇದದ ಮೇಲೆಯೇ ನಿಂತಿದೆ. ದುಡಿದವನ ಕೈಗೆ ಮೊದಲು ಅವನ ಗಳಿಕೆ ಬರಬೇಕು. ಬಂದ ಮೇಲೆ ಅವನು ಅದನ್ನು ಅರ್ಪಿಸುತ್ತಾನೆ. ಕೈಗೆ ಬಾರದುದನ್ನು ಅರ್ಪಿಸುವುದು ಹೇಗೆ? ಒಂದು ಧರ್ಮಾರ್ಥ ಆಸ್ಪತ್ರೆಯು ಬಡವರಿಗೆ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ನೀಡುತ್ತದೆಂದು ಇಟ್ಟುಕೊಳ್ಳಿ. ಆ ಕಡಿಮೆ ಖರ್ಚಿನ ಒಂದು ಭಾಗವು ನರ್ಸುಗಳ ಕಡಿಮೆ ಸಂಬಳದಿಂದ ಬಂದಿದ್ದರೆ, ಅಲ್ಲಿ ದಾನಿ ಯಾರು? ಗೋಡೆಯ ಅಮೃತಶಿಲೆಯಲ್ಲಿ ಯಾರ ಹೆಸರಿದ್ದರೂ ತಿಂಗಳು ತಿಂಗಳಿಗೆ ದಾನ ಕೊಡುತ್ತಿರುವವಳು ರಾತ್ರಿ ಪಾಳಿಯ ಆ ಹುಡುಗಿ. ಅದೂ ಆಕೆಯನ್ನು ಕೇಳದೆ ತೆಗೆದುಕೊಂಡ ದಾನ. ಕೆಲವೆಡೆಗಳಲ್ಲಿ ಬಾಂಡೆಂಬ ಕರಾರು ಬರೆಯಿಸಿಕೊಂಡು, ಆಕೆಯ ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಪದ್ಧತಿಯನ್ನೂ ಕೇಳಿದ್ದೇವೆ. ಒತ್ತೆಯಿಟ್ಟು ಮಾಡಿಸಿಕೊಂಡ ಸೇವೆಗೆ ಸೇವೆಯೆಂಬ ಹೆಸರು ಸಲ್ಲದು.

ಸೇವೆಯೂ ಹಕ್ಕಿನ ಬೇಡಿಕೆಯೂ ಒಂದೆಡೆ ಇರಲಾರವೆಂದು ಹೇಳುವವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ನರ್ಸುಗಳ ಚರಿತ್ರೆಯನ್ನು ನೋಡಬೇಕು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಹೋಗಿ ಅಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ ಎಂಬ ತರುಣಿಯ ಮೇಲೆ 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ಬಟ್ಟೆ ಬದಲಿಸುತ್ತಿದ್ದ ವೇಳೆಯಲ್ಲಿ, ಅದೇ ಆಸ್ಪತ್ರೆಯ ನೌಕರನೊಬ್ಬನು ಪಾಶವಿಕ ಆಕ್ರಮಣ ಮಾಡಿದನು. ಮಿದುಳಿಗೆ ರಕ್ತ ಹರಿಯುವುದು ನಿಂತು ಆಕೆ ಮರಳಿ ಎಚ್ಚರಗೊಳ್ಳದ ಸ್ಥಿತಿಗೆ ಇಳಿದಳು. 2015ರ ಮೇ 18ರಂದು ಆಕೆ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ನೋಡಿಕೊಂಡರು. ಅಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಆಕೆಯ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲವೆಂಬ ಸಂಗತಿ 2011ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೇ ದಾಖಲಾಗಿದೆ. ಆಕೆಯ ಆಹಾರವನ್ನು ನಿಲ್ಲಿಸಬೇಕೆಂಬ ಪ್ರಾರ್ಥನೆ ಆ ನ್ಯಾಯಾಲಯದ ಮುಂದೆ ಬಂದಾಗ, ಬೇಡ, ಆಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂಬ ನಿಲುವು ತಳೆದವರೂ ಅವರೇ. ಸಾವು ಬದುಕಿನ ಆ ಪ್ರಶ್ನೆಯಲ್ಲಿ ಅವರ ನಿಲುವು ಸರಿಯೋ ಅಲ್ಲವೋ ಎಂಬುದು ಬೇರೆ ವಿಚಾರ. ಪ್ರಾಮಾಣಿಕರು ಎರಡು ಪಕ್ಷದಲ್ಲಿಯೂ ಇದ್ದಾರೆ.

ನಾವು ಹೇಳಬೇಕಾದುದು ಇಷ್ಟು. ಆ ಆಕ್ರಮಣವಾದ ಬಳಿಕ ಮುಂಬಯಿಯ ನರ್ಸುಗಳು ಮುಷ್ಕರ ಹೂಡಿದ್ದರು. ಅರುಣಾಳ ಆರೈಕೆಗಾಗಿ, ತಮ್ಮ ಕೆಲಸದ ಸ್ಥಿತಿಗತಿಗಳ ಸುಧಾರಣೆಗಾಗಿ. 1980ರ ದಶಕದಲ್ಲಿ ಆಕೆಯನ್ನು ಬೇರೆಡೆಗೆ ಸಾಗಿಸಿ ಮಂಚವನ್ನು ತೆರವು ಮಾಡಿಸಲು ನಗರಪಾಲಿಕೆ ಯತ್ನಿಸಿದಾಗ ಪ್ರತಿಭಟಿಸಿ ತಡೆದವರೂ ಅವರೇ. ಮುಷ್ಕರ ಹೂಡಿದ ಕೈಗಳೂ ಮಗ್ಗುಲು ಬದಲಿಸಿದ ಕೈಗಳೂ ಬೇರೆ ಬೇರೆಯಲ್ಲ. ಬಟ್ಟೆ ಬದಲಿಸಲು ಬಾಗಿಲು ಭದ್ರವಾದ ಒಂದು ಕೋಣೆ ಬೇಕೆಂದು ಕೇಳುವುದು ಸೇವಾಧರ್ಮಕ್ಕೆ ವಿರೋಧವೆಂದು ಈ ಚರಿತ್ರೆಯನ್ನು ಬಲ್ಲವರು ಹೇಳಲಾರರು.

ಇನ್ನು ರೋಗಿಯ ಪಕ್ಷದಿಂದ ನೋಡೋಣ. ಸಾಮಾನ್ಯ ವಾರ್ಡಿನಲ್ಲಿ 6 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಕೇಂದ್ರ ಸರ್ಕಾರದ ಸಿಬ್ಬಂದಿ ತಪಾಸಣಾ ಘಟಕವು ಬಹಳ ಹಿಂದೆಯೇ ಗೊತ್ತುಮಾಡಿದೆ. ನಮ್ಮ ಜಿಲ್ಲೆಯ ಯಾವುದಾದರೂ ಆಸ್ಪತ್ರೆಗೆ ರಾತ್ರಿ ಹೊತ್ತು ಹೋಗಿ ಎಣಿಸಿ ನೋಡಿದವರಿಗೆ ಆ ಸಂಖ್ಯೆ ಕಾಗದದ ಮೇಲಿನದೆಂದು ತಿಳಿಯುತ್ತದೆ. ಇದರ ಫಲವೇನು? ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳನ್ನು ಪರಿಶೀಲಿಸಿ ಲಿಂಡಾ ಐಕೆನ್ ಎಂಬ ವಿದುಷಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರುತ್ತದೆಂದು ಕಂಡುಬಂತು. ನರ್ಸು ಬಳಲಿ ಬತ್ತಿಹೋಗುವ ಸಂಭವ ಶೇಕಡ 23, ಉದ್ಯೋಗದಲ್ಲಿ ಅತೃಪ್ತಿಯ ಸಂಭವ ಶೇಕಡ 15 ಏರಿತು. ಪರದೇಶದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು. ಆದರೆ ಒಬ್ಬಳಿಗೆ ಎರಡೇ ಕಣ್ಣು ಎಂಬುದು ಎಲ್ಲ ದೇಶಕ್ಕೂ ಸಮಾನ. ಹತ್ತು ಮಂಚಗಳಲ್ಲಿ ಹಂಚಿಹೋದ ದೃಷ್ಟಿಯು ಬದಲಾದ ಮುಖವರ್ಣವನ್ನು ಕಾಣದೆ ಹೋದರೆ ಅದು ಅನುರಾಗದ ಕೊರತೆಯಲ್ಲ. ಆದುದರಿಂದ ನರ್ಸು ತನ್ನ ಹೊರೆ ತಗ್ಗಿಸಿರೆಂದು ಕೇಳುವಾಗ ತನ್ನೊಬ್ಬಳ ಸುಖಕ್ಕಾಗಿ ಮಾತ್ರ ಕೇಳುತ್ತಿಲ್ಲ.

ಮನ್ನಣೆಯಲ್ಲಿ ನಾವು ಕೊರತೆ ಮಾಡಿಲ್ಲ. ರೋಗಿಗಳೆಲ್ಲ ಆಕೆಯನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಅಕ್ಕನೆಂಬ ಹೆಸರಿಗೆ ನಮ್ಮ ಪರಂಪರೆಯಲ್ಲಿ ಎಂಥ ಸ್ಥಾನವಿದೆಯೆಂದು ಹೇಳಬೇಕಾಗಿಲ್ಲ. 2020ನೆಯ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆಯು ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಕೊರೋನಾ ಬಂದದ್ದೂ ಆ ವರ್ಷವೇ. ಮಾರ್ಚ್ 22ರ ಸಂಜೆ ಜನರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. ಮೇ 3ರಂದು ಆಕಾಶದಿಂದ ಆಸ್ಪತ್ರೆಗಳ ಮೇಲೆ ಹೂವು ಸುರಿಯಿತು. ಹೂವಿಗೆ ನಮ್ಮ ವಿರೋಧವಿಲ್ಲ. ಗುತ್ತಿಗೆಯ ಸಂಬಳದಲ್ಲಿ ಮನೆ ಬಾಡಿಗೆ ಕಟ್ಟಬೇಕಾದವಳಿಗೆ ಹೂವನ್ನು ಎಲ್ಲಿ ಜಮಾ ಮಾಡಬೇಕೆಂದು ತಿಳಿಯುವುದಿಲ್ಲ, ಅಷ್ಟೆ.

ಸಲ್ಲತಕ್ಕದ್ದು ಎಷ್ಟೆಂಬುದು ಅಗೋಚರವಾದ ತತ್ತ್ವವೇನಲ್ಲ. ಭಾರತದ ತರಬೇತಾದ ನರ್ಸುಗಳ ಸಂಘವು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಕೊಟ್ಟ ಆದೇಶದಂತೆ ಕೇಂದ್ರ ಸರ್ಕಾರವು ಸಮಿತಿಯೊಂದನ್ನು ರಚಿಸಿತು. 200ಕ್ಕಿಂತ ಹೆಚ್ಚು ಮಂಚಗಳಿರುವ ಖಾಸಗಿ ಆಸ್ಪತ್ರೆಗಳು ಆಯಾ ರಾಜ್ಯ ಸರ್ಕಾರದ ನರ್ಸುಗಳಿಗೆ ಸಮನಾದ ವೇತನ ಕೊಡಬೇಕು. 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡ 10ಕ್ಕೆ ಮೀರಿ ಕಡಿಮೆಯಾಗಬಾರದು. 50ರಿಂದ 100 ಇದ್ದರೆ ಶೇಕಡ 25ಕ್ಕೆ ಮೀರಿ ಕಡಿಮೆಯಾಗಬಾರದು. 50ಕ್ಕೂ ಕಡಿಮೆ ಮಂಚಗಳ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಜಾರಿಗೆ ತರುವ ಹೊಣೆ ರಾಜ್ಯಗಳಿಗೆ ಬಿತ್ತು. ಕೇರಳದಲ್ಲಿ ನರ್ಸುಗಳು ಹೋರಾಡಿದ ಮೇಲೆ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಟಿತು.

ನಮ್ಮ ಮಠಗಳೂ ಧರ್ಮಸಂಸ್ಥೆಗಳೂ ಇಂದು ಆಸ್ಪತ್ರೆಗಳನ್ನೂ ನರ್ಸಿಂಗ್ ಕಾಲೇಜುಗಳನ್ನೂ ನಡೆಸುತ್ತಿರುವುದರಿಂದ ಈ ಪ್ರಶ್ನೆ ಪರರ ಮನೆಯದಲ್ಲ. ಸಂಬಳ ಹೆಚ್ಚಿಸಿದರೆ ಬಡರೋಗಿಯ ಮೇಲೆ ಹೊರೆ ಬೀಳುತ್ತದೆಂಬ ಕಷ್ಟ ನಿಜವಾದದ್ದು. ಅದನ್ನು ಹಗುರವಾಗಿ ತಳ್ಳಿಹಾಕುವವರು ಆಸ್ಪತ್ರೆ ನಡೆಸಿದವರಲ್ಲ. ಆದರೆ ಆ ಹೊರೆಯನ್ನು ಹೊರಬೇಕಾದವರು ಕೊಡಲು ಶಕ್ತರಾದ ಭಕ್ತರೇ ಹೊರತು, ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರ ಜೊತೆ ಮಲಗಿ ಊರಿಗೆ ಹಣ ಕಳಿಸುವ ಹುಡುಗಿಯಲ್ಲ. ಅದು ಕೂಡಲೆ ಸಾಧ್ಯವಾಗದಿದ್ದರೆ ಸತ್ಯವನ್ನಾದರೂ ಬರೆಯಬಹುದು. ವರ್ಷಾಂತ್ಯದ ವರದಿಯಲ್ಲಿ ದಾನಿಗಳ ಪಟ್ಟಿಯನ್ನು ಅಚ್ಚುಹಾಕಿಸುವ ಸಂಸ್ಥೆಯು, ಸರ್ಕಾರಿ ನರ್ಸಿನ ವೇತನಕ್ಕೂ ತಾನು ಕೊಟ್ಟ ವೇತನಕ್ಕೂ ಇರುವ ಅಂತರವನ್ನು ಕೂಡಿ, ಆ ಮೊತ್ತವನ್ನು ತನ್ನ ನರ್ಸುಗಳಿಂದ ಬಂದ ದಾನವೆಂದು ಅದೇ ಪಟ್ಟಿಯಲ್ಲಿ ಕಾಣಿಸಲಿ. ಬಹುಶಃ ಪಟ್ಟಿಯ ಮೊದಲನೆಯ ಸಾಲೇ ಅದಾದೀತು. ಆಡಳಿತ ಮಂಡಲಿಗಳು ಇದಕ್ಕೆ ಒಪ್ಪಲಿ ಬಿಡಲಿ, ಆ ಮೊತ್ತವನ್ನು ಕೂಡಿ ನೋಡುವುದಕ್ಕೆ ಲೆಕ್ಕಿಗನಿಗೆ ಅರ್ಧ ದಿನ ಸಾಕು.